ಕಾಲಯಾನಕ್ಕೆ ಹೊರಡುವವರು ಉಬ್ಬರ ನೋಡಿಕೊಳ್ಳಿ

ಕಾಲವನ್ನು ಹಿಂದೆ ಮುಂದೆ ಮಾಡುವ ಕಥೆಗಳೆಂದರೆ ನನಗೆ ಮೊದಲಿನಿಂದಲೂ ಪ್ರಾಣ. ನಾಯಕ ಯಾವುದೋ ಪೆಟ್ಟಿಗೆಯೊಳಗೆ ಕೂತು ಮುನ್ನೂರು ವರ್ಷ ಹಿಂದೆ ಹೋದ ಎಂದರೆ ಊಟ ಬಿಟ್ಟು ಓದುತ್ತೇನೆ. ಪೆಟ್ಟಿಗೆ ಹೇಗೆ ಓಡಿತು, ಯಾವ ಎಣ್ಣೆ ಹಾಕಿದರು ಎಂದು ಕೇಳುವುದಿಲ್ಲ. ಆದರೆ ಅದೇ ನಾಯಕ ಜುಲೈ ತಿಂಗಳ ನಡುಮಳೆಯಲ್ಲಿ ಹೊನ್ನಾವರದ ಅಳಿವೆಯಿಂದ ಟ್ರಾಲ್ ಬೋಟು ಹತ್ತಿ ಮೀನಿಗೆ ಹೊರಟ ಎಂದು ಬರೆದಿದ್ದರೆ ಪುಸ್ತಕ ಮುಚ್ಚಿಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮುನ್ನೂರು ವರ್ಷದ ಜಿಗಿತವನ್ನು ಚಕಾರವೆತ್ತದೆ ಒಪ್ಪಿಕೊಂಡವರು ಜುಲೈಯ ಬೋಟನ್ನು ಮಾತ್ರ ಯಾಕೆ ಒಪ್ಪುವುದಿಲ್ಲ? ನೀವೂ ಒಪ್ಪುತ್ತಿರಲಿಲ್ಲ, ಅಲ್ಲವೇ?

ಓದುಗ ಕಥೆಗಾರನಿಗೆ ಒಂದು ದೊಡ್ಡ ಸುಳ್ಳನ್ನು ಸಂತೋಷದಿಂದ ಬಿಟ್ಟುಕೊಡುತ್ತಾನೆ. ಎರಡನೆಯದನ್ನು ಕೊಡುವುದಿಲ್ಲ. ಆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಅಂಗಡಿಯ ತಕ್ಕಡಿಯಲ್ಲಿ ತೂಗಿದ ಹಾಗೆ ಸರಿಯಿರಬೇಕು. ಅದರಲ್ಲೂ ಭಟ್ಕಳ, ಹೊನ್ನಾವರ, ಕುಮಟಾದ ಕಡೆಯ ಓದುಗರು ಕಾಲದ ವಿಷಯದಲ್ಲಿ ಬಹಳ ಬಿಗಿ. ಯಾಕೆಂದರೆ ಇಲ್ಲಿಯವರಿಗೆ ಗೋಡೆಯ ಗಡಿಯಾರವಲ್ಲದೆ ನೀರಿನದೂ ಒಂದು ಗಡಿಯಾರವಿದೆ. ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸರು ಬುಟ್ಟಿ ಹಿಡಿದು ಹೊರಡುವುದು ಇಳಿತ ನೋಡಿಕೊಂಡು. ಗಂಟೆ ಆರಾಗಿರಲಿ, ಹನ್ನೊಂದಾಗಿರಲಿ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ, ಅವನ ಹಿಂದೆಯೇ ಉಬ್ಬರವೂ ಅಷ್ಟೇ ಸರಿಯುತ್ತದೆ.

ಇದರಿಂದ ಕಥೆಗಾರನಿಗೆ ಎಂಥ ಅನುಕೂಲವಿದೆ ನೋಡಿ. ಒಬ್ಬ ಹುಡುಗ ಸೋಮವಾರ ಬೆಳಿಗ್ಗೆ 10 ಗಂಟೆಗೆ ಶರಾವತಿಯ ದಡದಲ್ಲಿ ನಿಂತಲ್ಲೇ ಮಾಯವಾಗುತ್ತಾನೆ. ಮುಂದಿನ ಸೋಮವಾರ ಬೆಳಿಗ್ಗೆ 10ಕ್ಕೆ ಅದೇ ಕಲ್ಲಿನ ಮೇಲೆ ಪ್ರತ್ಯಕ್ಷ. ಅವನ ಪಾಲಿಗೆ ನಡುವೆ ಒಂದು ಉಸಿರೂ ಕಳೆದಿಲ್ಲ. ಕೈಯ ವಾಚಿನಲ್ಲಿ ಹತ್ತೇ ಗಂಟೆ. ಆದರೆ ಏಳು ದಿನಕ್ಕೆ 350 ನಿಮಿಷ, ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಹೋಗುವಾಗ ಉಬ್ಬರವಿದ್ದರೆ ಬರುವಾಗ ಇಳಿತ. ಕ್ಷಣದ ಹಿಂದೆ ಕಲ್ಲಿಗೆ ಬಂದು ಬಡಿಯುತ್ತಿದ್ದ ನೀರು ಈಗಿಲ್ಲ. ಕೆಸರು ಬಿದ್ದುಕೊಂಡಿದೆ, ಕೆಸರಿನ ತುಂಬ ಏಡಿಯ ತೂತುಗಳಿವೆ, ತೇಲುತ್ತಿದ್ದ ಪಾತಿದೋಣಿ ಪಕ್ಕಕ್ಕೆ ವಾಲಿ ಕೂತಿದೆ. ಹುಡುಗ ಒಮ್ಮೆ ವಾಚು ನೋಡುತ್ತಾನೆ, ಒಮ್ಮೆ ಕೆಸರು ನೋಡುತ್ತಾನೆ. ಇಷ್ಟು ಬರೆದರೆ ಸಾಕು, ಯಂತ್ರದ ವಿವರ ಒಂದು ಸಾಲೂ ಬೇಡ. ಹೊಳೆ ದಾಟಿ ಶಾಲೆಗೆ ಹೋದ ಯಾವ ಓದುಗನೂ ಆ ಕಥೆಯನ್ನು ಕೆಳಗಿಡುವುದಿಲ್ಲ.

ರೈಲಿನದೂ ಹೀಗೆಯೇ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಗಿ ತೆರೆದುಕೊಂಡಿತು. ಮಳೆಗಾಲ ಬಂತೆಂದರೆ ಈ ಹಳಿಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಕುಸಿದೀತೆಂದು ಗಾಡಿಗಳು ನಿಧಾನ ಓಡುತ್ತವೆ. ಅದೇ ಗಾಡಿ, ಅದೇ ಕುಮಟಾ ಸ್ಟೇಷನ್ನು, ಮೇ ತಿಂಗಳಲ್ಲಿ ಒಂದು ಸಮಯ, ಆಗಸ್ಟಿನಲ್ಲಿ ಇನ್ನೊಂದು. ಪತ್ತೇದಾರಿ ಕಥೆ ಬರೆಯುವವರೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಇಷ್ಟೊಂದು ಕೆಣಕಿ ಕೇಳುವ ಬುದ್ಧಿ ನಮ್ಮವರಿಗೆ ಎಲ್ಲಿಂದ ಬಂತು? ತಾಳಮದ್ದಲೆಯಿಂದ ಎಂದೇ ನನ್ನ ನಂಬಿಕೆ. ಹನುಮಂತ ಸಮುದ್ರ ಹಾರಿದ ಎಂಬುದನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ, ಅದು ಕೊಟ್ಟಾಯಿತು. ಆದರೆ ಎದುರು ಕೂತ ಅರ್ಥಧಾರಿ ಬಿಡುವವನಲ್ಲ. ಹಾರುವಾಗ ಹಗಲೋ ರಾತ್ರಿಯೋ, ಬೆಳಕಿದ್ದರೆ ಕಾವಲಿನವರ ಕಣ್ಣಿಗೆ ಹೇಗೆ ಬೀಳಲಿಲ್ಲ, ಕತ್ತಲಾಗಿದ್ದರೆ ಅಶೋಕವನ ಹೇಗೆ ಗುರುತಾಯಿತು ಎಂಬಂಥ ಪ್ರಶ್ನೆಗಳು ಬರುತ್ತವೆ. ಉತ್ತರ ತಡವರಿಸಿದರೆ ಸಭೆಗೆ ಆ ಹನುಮಂತನ ಮೇಲೆ ವಿಶ್ವಾಸ ಹೋಯಿತೆಂದೇ ಲೆಕ್ಕ. ವಿಜ್ಞಾನದ ಕಥೆ ಬರೆಯಲು ಹೊರಟವರು ಒಂದು ಮಳೆಗಾಲ ತಾಳಮದ್ದಲೆ ಕೇಳಬೇಕು ಎಂದು ನಾನು ಮನಸ್ಸಾರೆ ಹೇಳುತ್ತೇನೆ.

ಇನ್ನು ಆಟದ ಮಾತು. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರ ರಾಮನನ್ನು, ಕರ್ಣನನ್ನು ಕಂಡವರು ಈಗಲೂ ಸಿಗುತ್ತಾರೆ. ಯಕ್ಷಗಾನದ ರಂಗಸ್ಥಳದಲ್ಲಿ ಪಾತ್ರಧಾರಿ ಒಂದು ಸುತ್ತು ಹಾಕಿದರೆ ಊರು ದಾಟಿದ, ಇನ್ನೊಂದು ಸುತ್ತು ಹಾಕಿದರೆ ಕಾಡು ಸೇರಿದ. ಹತ್ತು ದಿನದ ದಾರಿ ಚಂಡೆಯ ನಾಲ್ಕು ಪೆಟ್ಟಿನಲ್ಲಿ ಮುಗಿಯುತ್ತದೆ. ಅದೇ ಮೇಳದಲ್ಲಿ ಒಂದು ನೋಟ, ಒಂದು ನಿಟ್ಟುಸಿರಿನ ಪದ್ಯಕ್ಕೆ ಅರ್ಧ ತಾಸು. ಕಾಲವನ್ನು ಎಳೆಯುವ, ಮಡಚುವ ಕೆಲಸ ರಾತ್ರಿಯಿಡೀ ಕಣ್ಣೆದುರೇ ನಡೆಯುತ್ತದೆ, ನೋಡುವವರು ಚಹಾ ಕುಡಿಯುತ್ತ ಒಪ್ಪಿಕೊಂಡು ಕೂತಿರುತ್ತಾರೆ. ಒಪ್ಪುವುದು ಯಾಕೆಂದರೆ ಸುತ್ತಿಗೆ ನಿಯಮವಿದೆ. ಮೊದಲ ಪ್ರವೇಶದಲ್ಲಿ ಏನು ಹೇಳಿದರೋ ಬೆಳಗಿನ ಮಂಗಳದವರೆಗೂ ಅದನ್ನೇ ಪಾಲಿಸುತ್ತಾರೆ.

ಪುರಾಣದ ಮಾತು ಬಂತಲ್ಲ, ರೇವತಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಕುಶಸ್ಥಲಿಯ ರಾಜ ಕಕುದ್ಮಿಗೆ ಮಗಳಿಗೊಂದು ವರ ಬೇಕಿತ್ತು. ಯಾರು ಸರಿ ಎಂದು ಬ್ರಹ್ಮನನ್ನೇ ಕೇಳಿಬಿಡೋಣ ಎಂದು ಮಗಳನ್ನು ಕರೆದುಕೊಂಡು ಸತ್ಯಲೋಕಕ್ಕೆ ಹೋದ. ಅಲ್ಲಿ ಗಂಧರ್ವರ ಗಾನ ನಡೆಯುತ್ತಿತ್ತು. ನಡುವೆ ಮಾತಾಡುವುದು ಮರ್ಯಾದೆಯಲ್ಲವೆಂದು ಮುಗಿಯುವ ತನಕ ಕಾದ. ಆಮೇಲೆ ಮನಸ್ಸಿನಲ್ಲಿದ್ದ ವರರ ಹೆಸರು ಹೇಳಿದರೆ ಬ್ರಹ್ಮ ನಕ್ಕುಬಿಟ್ಟ. ನೀನು ಕಾದು ಕೂತ ಹೊತ್ತಿನಲ್ಲಿ ಕೆಳಗೆ 27 ಚತುರ್ಯುಗ ಕಳೆದಿದೆ, ಆ ವರರೂ ಇಲ್ಲ, ಅವರ ಮೊಮ್ಮಕ್ಕಳ ಸುದ್ದಿಯೂ ಇಲ್ಲ, ಈಗ ಭೂಮಿಯಲ್ಲಿ ಬಲರಾಮನಿದ್ದಾನೆ, ಅವನಿಗೆ ಕೊಡು ಎಂದ. ಒಂದು ಚತುರ್ಯುಗಕ್ಕೆ 43,20,000 ವರ್ಷ. 27ರಿಂದ ಗುಣಿಸಿ: 11 ಕೋಟಿ 66 ಲಕ್ಷದ ಮೇಲೆ.

ಈ ಅಂಕಿ ಕೇಳಿ ಯಾರೂ ಬೆರಗಾಗುವುದಿಲ್ಲ. ಕೋಟಿಗಳು ಪುರಾಣದಲ್ಲಿ ಅಗ್ಗ. ಬೆರಗು ಮುಂದಿದೆ. ತಂದೆ ಮಗಳು ಕೆಳಗಿಳಿದು ನೋಡಿದರೆ ಜನರೆಲ್ಲ ಗಿಡ್ಡ! ಯುಗ ಕಳೆದಂತೆ ಮನುಷ್ಯನ ಎತ್ತರ ಕುಗ್ಗುತ್ತ ಬಂದಿದೆ ಎಂಬುದು ಪುರಾಣದ ನಿಯಮ. ರೇವತಿಯದು ಮಾತ್ರ ಹಳೆಯ ಯುಗದ ಎತ್ತರ. ಮದುಮಗ ತಲೆಯೆತ್ತಿ ನೋಡಬೇಕಾಯಿತು. ಆಗ ಬಲರಾಮ ನೇಗಿಲ ತುದಿಯಿಂದ ಅವಳನ್ನು ಬಗ್ಗಿಸಿ ತನ್ನ ಕಾಲದ ಎತ್ತರಕ್ಕೆ ತಂದ ಎಂದು ವಿಷ್ಣುಪುರಾಣ ಹೇಳುತ್ತದೆ. ಕೋಟಿ ವರ್ಷಗಳ ಲೆಕ್ಕ ನಮ್ಮನ್ನು ತಟ್ಟುವುದು ಆ ಉದ್ದದ ಹುಡುಗಿ ಗಿಡ್ಡ ಜನರ ನಡುವೆ ಬಂದು ನಿಂತಾಗ. ಕಾಲ ಕಳೆದದ್ದಕ್ಕೆ ಸಾಕ್ಷಿ ಅವಳ ಮೈಯಲ್ಲೇ ಇದೆ. ಬರೆದವನಿಗೆ ಕಥೆಯ ಕಸುಬು ಚೆನ್ನಾಗಿ ಗೊತ್ತಿತ್ತು.

ಇದನ್ನು ಹಿಡಿದುಕೊಂಡು ನಮ್ಮ ಹಿರಿಯರಿಗೆ ಸಾಪೇಕ್ಷತಾ ಸಿದ್ಧಾಂತ ಗೊತ್ತಿತ್ತು ಎನ್ನುವವರ ಜೊತೆ ನಾನಿಲ್ಲ. ಅವರಿಗೆ ಕಥೆ ಹೇಳುವುದು ಗೊತ್ತಿತ್ತು, ಅದೇನು ಸಣ್ಣದೇ? ಸಮೀಕರಣ ಬರೆದದ್ದು ಐನ್‌ಸ್ಟೀನ್, 1905ರಲ್ಲಿ ಒಂದು, 1915ರಲ್ಲಿ ಇನ್ನೊಂದು. ಇಬ್ಬರ ಗೌರವವೂ ಅವರವರಿಗೇ ಇರಲಿ. ಅಂದಹಾಗೆ, 11 ಕೋಟಿ 66 ಲಕ್ಷ ವರ್ಷ ಹಿಂದಕ್ಕೆ ಭೂವಿಜ್ಞಾನಿಗಳ ಜೊತೆ ಹೋದರೆ ಹೊನ್ನಾವರದ ಕಡಲತೀರವೇ ಸಿಗುವುದಿಲ್ಲ. ಆಗ ಭಾರತದ ಪಶ್ಚಿಮದ ಅಂಚಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಅವೆರಡೂ ಬೇರ್ಪಟ್ಟದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆ ಒಡಕಿನ ಕಾಲದ ಬೆಂಕಿಬಂಡೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ. ಕಕುದ್ಮಿಯ ಕಾಲಕ್ಕೆ ಹೋಗುವ ಕರಾವಳಿಯ ನಾಯಕ ದೋಣಿ ತೆಗೆದುಕೊಂಡು ಹೋಗಿ ಪ್ರಯೋಜನವಿಲ್ಲ, ನಡೆಯಬೇಕು.

ಐನ್‌ಸ್ಟೀನರ ಕಾಲ ಕಣ್ಣಾರೆ ಕಾಣಬೇಕೆಂದರೆ ಕಾಸರಕೋಡು ಟೊಂಕಕ್ಕೆ ಹೋಗಿ, ಕಟ್ಟಿ ನಿಲ್ಲಿಸಿದ ಯಾವ ಬೋಟಿನ ಕ್ಯಾಬಿನ್ನನ್ನಾದರೂ ಇಣುಕಿ. ಅಲ್ಲೊಂದು ಜಿಪಿಎಸ್ ಡಬ್ಬಿ ಇರುತ್ತದೆ. ಮೀನು ಸಿಕ್ಕ ಜಾಗ, ಬಲೆ ಹರಿದ ಬಂಡೆಯ ಜಾಗ ಎಲ್ಲವನ್ನೂ ತಾಂಡೇಲ ಅದರಲ್ಲಿ ಗುರುತು ಹಾಕಿಟ್ಟಿರುತ್ತಾನೆ. ಆ ಡಬ್ಬಿ ಮಾತಾಡುವುದು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಗಡಿಯಾರದೊಂದಿಗೆ. ಉಪಗ್ರಹ ಗಂಟೆಗೆ ಸುಮಾರು 14,000 ಕಿಲೋಮೀಟರ್ ವೇಗದಲ್ಲಿ ಓಡುವುದರಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡು ಹಿಂದೆ ಬೀಳುತ್ತದೆ. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ಕಡಿಮೆ, ಹಾಗಾಗಿ 45 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಕಳೆದು ಕೂಡಿ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ. ಒಂದು ಮೈಕ್ರೋಸೆಕೆಂಡಿನಲ್ಲಿ ಬೆಳಕು 300 ಮೀಟರ್ ಹೋಗುತ್ತದೆ. ಗಡಿಯಾರವನ್ನು ಮೊದಲೇ ತಿದ್ದಿ ಕಳಿಸದಿದ್ದರೆ ದೂರದ ಲೆಕ್ಕದಲ್ಲಿ ದಿನಕ್ಕೆ 11 ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರುತ್ತ ಹೋಗುತ್ತದೆ. ಎರಡು ದಿನ ಬಿಟ್ಟರೆ ಹೊನ್ನಾವರಕ್ಕೂ ಕುಮಟಾಕ್ಕೂ ಇರುವಷ್ಟು.

ಇದರ ಹಿಂದೆ ಇನ್ನೊಂದು ಸೊಗಸಾದ ಕಥೆಯಿದೆ. 1977ರ ಜೂನ್‌ನಲ್ಲಿ ಅಮೆರಿಕದವರು ಎನ್‌ಟಿಎಸ್-2 ಎಂಬ ಉಪಗ್ರಹದಲ್ಲಿ ಸೀಸಿಯಂ ಗಡಿಯಾರ ಇಟ್ಟು ಹಾರಿಸಿದರು. ಸಮಯ ತಿದ್ದುವ ಸಲಕರಣೆಯನ್ನೂ ಒಳಗಿಟ್ಟಿದ್ದರು, ಆದರೆ ಚಾಲೂ ಮಾಡಿರಲಿಲ್ಲ. ಕಾಲ ನಿಜವಾಗಿ ಅಷ್ಟು ಬದಲಾಗುತ್ತದೆಯೇ ಎಂಬ ಅನುಮಾನ ಆ ಇಂಜಿನಿಯರುಗಳಲ್ಲಿ ಕೆಲವರಿಗೆ ಇತ್ತು. ಸುಮಾರು 20 ದಿನ ಹಾಗೆಯೇ ಬಿಟ್ಟು ನೋಡಿದರು. ಗಡಿಯಾರ ಸಿದ್ಧಾಂತ ಹೇಳಿದಷ್ಟೇ ಮುಂದೆ ಓಡಿತ್ತು. ಆಮೇಲೆ ತಿದ್ದುಪಡಿ ಚಾಲೂ ಮಾಡಿದರು. ಪರಿಣತರೇ ಅನುಮಾನಿಸಿ, ಅಳೆದು, ನಂಬಿದ ಈ ಇಪ್ಪತ್ತು ದಿನಗಳಲ್ಲಿ ಕಥೆಗಾರನಿಗೆ ಬೇಕಾದ ಪಾಠ ಪೂರ್ತಿ ಇದೆ. ಕಥೆಯಲ್ಲೂ ಒಬ್ಬ ಅನುಮಾನಿಸುವವನಿರಲಿ. ನೇತ್ರಾಣಿ ಗುಡ್ಡ ಇರಬೇಕಾದಲ್ಲಿ ಬರೀ ನೀರು ಕಂಡ ತಾಂಡೇಲ ಮೊದಲು ಡಬ್ಬಿಯನ್ನು ತಟ್ಟಿ ನೋಡಲಿ, ವಯರು ಅಲ್ಲಾಡಿಸಲಿ, ಪಕ್ಕದ ಬೋಟಿಗೆ ವೈರ್‌ಲೆಸ್‌ನಲ್ಲಿ ಕೇಳಲಿ. ಅವನು ಎಲ್ಲ ಸಾಮಾನ್ಯ ಕಾರಣಗಳನ್ನೂ ಹುಡುಕಿ ಸೋತ ಮೇಲೆ ಓದುಗನೂ ಅವನ ಜೊತೆ ಸೋಲುತ್ತಾನೆ.

ಎಚ್.ಜಿ. ವೆಲ್ಸ್ 1895ರಲ್ಲೇ ಈ ಉಪಾಯ ಹೂಡಿದ. ಅವನ ಕಾಲಯಂತ್ರದ ವಿವರಣೆ ಹುಡುಕಿದರೆ ಒಂದಿಷ್ಟು ನಿಕ್ಕೆಲು, ದಂತ, ಸ್ಫಟಿಕ, ಅಷ್ಟೇ. ಯಾತ್ರಿಕ ಭವಿಷ್ಯದಿಂದ ಮರಳಿ ಬರುವುದು ಗೆಳೆಯರ ರಾತ್ರಿಯೂಟದ ಹೊತ್ತಿಗೆ. ಕುಂಟುತ್ತ, ಧೂಳು ಹಿಡಿದ ಕೋಟಿನಲ್ಲಿ, ರಕ್ತದ ಕಲೆಯಾದ ಕಾಲುಚೀಲದಲ್ಲಿ ಬರುತ್ತಾನೆ. ಬಂದವನು ತಿನ್ನಲು ಮಾಂಸ ಕೇಳುತ್ತಾನೆ. ಕೊನೆಗೆ ಕಿಸೆಯಿಂದ ಎರಡು ಬಾಡಿದ ಬಿಳಿ ಹೂ ತೆಗೆದಿಡುತ್ತಾನೆ. ಗೆಳೆಯರಲ್ಲಿದ್ದ ಡಾಕ್ಟರು ಹೂವನ್ನು ತಿರುಗಿಸಿ ನೋಡಿ, ಇದು ಯಾವ ಜಾತಿಯದೆಂದು ಗೊತ್ತಾಗಲಿಲ್ಲ ಎನ್ನುತ್ತಾನೆ.

ನಮ್ಮಲ್ಲಿ ಈ ಕೆಲಸ ಮಾಡಿದವರು ತೇಜಸ್ವಿ. 1980ರ 'ಕರ್ವಾಲೊ' ಲಕ್ಷಾಂತರ ವರ್ಷಗಳ ಆಚೆಯಿಂದ ಉಳಿದು ಬಂದ ಓತಿಯೊಂದನ್ನು ಹುಡುಕಿಕೊಂಡು ಹೋಗುವ ಕಥೆ. ಅದೂ ಕಾಲಯಾನವೇ, ಯಂತ್ರವಿಲ್ಲ ಅಷ್ಟೆ. ಆದರೆ ಅವರು ಓತಿಯಿಂದ ಶುರು ಮಾಡಲಿಲ್ಲ. ಜೇನುತುಪ್ಪದಿಂದ, ಹೊಲದ ತಾಪತ್ರಯದಿಂದ, ಮಂದಣ್ಣನ ಮದುವೆಯ ಆಸೆಯಿಂದ ಶುರು ಮಾಡಿದರು. ಓತಿ ಬರುವ ಹೊತ್ತಿಗೆ ನಾವು ಏನನ್ನಾದರೂ ನಂಬಲು ತಯಾರಾಗಿರುತ್ತೇವೆ. ಹಾರುವ ಓತಿ ಹೊನ್ನಾವರದ ಕಡೆಯ ಅಡಿಕೆ ತೋಟಗಳಲ್ಲೂ ಇದೆ, ತಾಳ್ಮೆ ಇದ್ದವರು ನೋಡಬಹುದು. ಮರದ ತೊಗಟೆಯದೇ ಬಣ್ಣ, ಇರುವೆ ನೆಕ್ಕುತ್ತ ಮೇಲೇರುತ್ತದೆ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಚಾಚಿ ಮಡಚುವಾಗಷ್ಟೇ ಕಣ್ಣಿಗೆ ಬೀಳುತ್ತದೆ. ಆಮೇಲೆ ಪಕ್ಕೆಲುಬಿನ ಮೇಲಿನ ಚರ್ಮ ಬಿಚ್ಚಿಕೊಂಡು ಮುಂದಿನ ಮರಕ್ಕೆ ತೇಲಿಬಿಡುತ್ತದೆ.

ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರ ಹೆಸರನ್ನೂ ಇಲ್ಲಿ ತರುತ್ತೇನೆ. ಅವರು ವಿಜ್ಞಾನದ ಕಥೆ ಬರೆದವರಲ್ಲ. ಆದರೆ ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದವರು. 1979ರ 'ಶಿಕಾರಿ'ಯಲ್ಲಿ ಕಾರ್ಖಾನೆಯ ಸಂಗತಿ ಬಂದಾಗ ಬರೆದವನ ಕೈಗೆ ರಾಸಾಯನಿಕದ ವಾಸನೆ ಅಂಟಿದೆ ಎಂದು ಗೊತ್ತಾಗುತ್ತದೆ. ಅದೇ ಕಾದಂಬರಿಯ ನಾಗಪ್ಪ ಮುಂಬಯಿಯ ಕೋಣೆಯಲ್ಲಿ ಕೂತೇ ಬಾಲ್ಯದ ಊರಿಗೆ ಹೋಗಿ ಬರುತ್ತಿರುತ್ತಾನೆ. ನೆನಪಿಗಿಂತ ಹಳೆಯ ಕಾಲಯಂತ್ರ ಯಾವುದಿದೆ, ಹೇಳಿ?

ಈಚೆಗೆ ನಮ್ಮ ಕೇರಿಯ ಹುಡುಗಿಯೊಬ್ಬಳು, ಕಾಲೇಜಿಗೆ ಹೋಗುವವಳು, ತಾನು ಬರೆದ ಕಥೆ ತಂದುಕೊಟ್ಟಳು. "ದೊಡ್ಡಪ್ಪ, ವರ್ಮ್‌ಹೋಲ್ ವಿಷಯ ಸರಿಯಾಗಿ ಬಂದಿದೆಯಾ ನೋಡಿ" ಎಂದಳು. ಎರಡು ಪುಟ ತುಂಬ ವರ್ಮ್‌ಹೋಲ್ ಇತ್ತು, ಶ್ರಮಪಟ್ಟು ಬರೆದಿದ್ದಳು. ನಾಯಕಿ 1340ರ ದಶಕದ ಹೊನ್ನಾವರಕ್ಕೆ ಹೋಗಿ ಇಳಿಯುತ್ತಾಳೆ. ಆ ಕಾಲವನ್ನು ಆರಿಸಿಕೊಂಡದ್ದಕ್ಕೇ ನನಗೆ ಅವಳ ಮೇಲೆ ಅಭಿಮಾನ ಬಂತು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತಾ ಆಗ ಹೊನ್ನಾವರದಲ್ಲಿದ್ದ. ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಇಲ್ಲಿ ಕಂಡೆ ಎಂದು ಬರೆದಿಟ್ಟಿದ್ದಾನೆ. ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಒಂದೊಂದಾಗಿ ಹೇಳಿದ್ದಾನೆ. ತಾಮ್ರದ ತಟ್ಟೆ, ಸೌಟಿನಲ್ಲಿ ಬಡಿಸಿದ ಅನ್ನ, ಮೇಲೆ ತುಪ್ಪ, ಬದಿಗೆ ಉಪ್ಪಿಗೆ ಹಾಕಿದ ಹಸಿಕಾಳುಮೆಣಸು, ಶುಂಠಿ, ಲಿಂಬೆ, ಮಾವು. ಆಮೇಲೆ ಕೋಳಿ, ಮೀನು, ಕೊನೆಗೆ ಮೊಸರು. ಹನ್ನೊಂದು ತಿಂಗಳು ಅವನ ಜೊತೆಗಿದ್ದೆ, ರೊಟ್ಟಿ ತಿನ್ನಲಿಲ್ಲ, ಇವರದು ಬರೀ ಅನ್ನ ಎಂಬ ಮಾತೂ ಇದೆ. ಗೋಧಿಯ ನಾಡಿನಿಂದ ಬಂದವನ ಕಷ್ಟ.

ಹುಡುಗಿಯ ಕಥೆಯಲ್ಲಿ ನಾಯಕಿ ಇಳಿದ ಸಂಜೆಯೇ ಕೆಂಪು ಮೆಣಸು ಅರೆದ ಬಂಗಡೆ ಸಾರು ಉಣ್ಣುತ್ತಾಳೆ. "ಮಗಾ, ಕೆಂಪು ಮೆಣಸು ಎಲ್ಲಿತ್ತು?" ಎಂದೆ. ಮೆಣಸಿನಕಾಯಿ ಅಮೆರಿಕದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮ್ಮ ತೀರಕ್ಕೆ ಬಂದದ್ದು. 1340ರಲ್ಲಿ ಮೆಣಸಿನಕಾಯಿಯಿಲ್ಲ, ಬಟಾಟೆಯಿಲ್ಲ, ಟೊಮೆಟೊ ಇಲ್ಲ, ಗೇರುಬೀಜವಿಲ್ಲ, ಅನಾನಸು, ಪಪ್ಪಾಯಿ, ಪೇರಲ ಒಂದೂ ಇಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸಾರಿನ ಬಣ್ಣ?" ಎಂದು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ಕಾಳುಮೆಣಸಿನ ಖಾರ, ಮುರುಗಲಿನ ಹುಳಿ, ಅರಿಸಿನ, ತೆಂಗಿನಹಾಲು. ಬಂಗಡೆ ಅದೇ, ಸಾರು ಕೆಂಪಲ್ಲ. ವಾರ ಬಿಟ್ಟು ತಿದ್ದಿ ತಂದಳು. ವರ್ಮ್‌ಹೋಲ್ ಎರಡು ಪುಟದಿಂದ ಎರಡು ಸಾಲಿಗೆ ಇಳಿದಿತ್ತು. ಅದರ ಬದಲು, ನಾಯಕಿ ತಟ್ಟೆಯಲ್ಲಿನ ಹಳದಿ ಸಾರನ್ನು ನೋಡಿ, ಬೆರಳದ್ದಿ, ನಾಲಿಗೆಗಿಟ್ಟು, ತಾನು ಎಲ್ಲಿಗೆ ಬಂದೆನೆಂದು ಅರಿಯುವ ಒಂದು ಪುಟ ಬಂದಿತ್ತು. ಓದಿ ಮುಗಿಸಿದ ಮೇಲೆ ಸುಮಾರು ಹೊತ್ತು ನಾನು ಆ ಸಂಜೆಯಲ್ಲೇ ಇದ್ದೆ.

ಬರೆಯುವವರಿಗೆ ಇನ್ನೂ ಒಂದು ವಸ್ತು ನಮ್ಮ ಕಡೆ ಬಿದ್ದಿದೆ, ಯಾರೂ ಕೈಹಾಕಿದ್ದು ನಾನು ಕಂಡಿಲ್ಲ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಗಡಿ ಬಿದ್ದದ್ದು ಭಟ್ಕಳಕ್ಕೂ ಶಿರೂರಿಗೂ ನಡುವೆ. ಆ ಕಾಲದ ಮುಂಬಯಿ ಸಮಯಕ್ಕೂ ಮದ್ರಾಸ್ ಸಮಯಕ್ಕೂ ಅರ್ಧ ಗಂಟೆಯ ಅಂತರ. ಹಳ್ಳಿಯವರು ಸೂರ್ಯನನ್ನು ನೋಡಿ ಬದುಕಿದರು, ಅವರಿಗೆ ಇದರ ಗೊಡವೆಯಿರಲಿಲ್ಲ. ಆದರೆ ಕಾಗದದ ಲೆಕ್ಕದಲ್ಲಿ ಆಚೆ ಹತ್ತು ಗಂಟೆಯಾದರೆ ಈಚೆ ಒಂಬತ್ತೂವರೆ. ಈಗ ಕಥೆಗಾರನ ಒಂದು ಸುಳ್ಳು ಇಲ್ಲಿಡಿ: ಆ ಅರ್ಧ ಗಂಟೆ ನಿಜ. ಉತ್ತರಕ್ಕೆ ಗಡಿ ದಾಟಿದವನಿಗೆ ಆಯುಷ್ಯದಲ್ಲಿ ಅರ್ಧ ಗಂಟೆ ಸಿಗುತ್ತದೆ, ದಕ್ಷಿಣಕ್ಕೆ ದಾಟಿದವ ಅದನ್ನು ಹಿಂದೆ ಕೊಡಬೇಕು. ಶಿರೂರಿನಲ್ಲಿ ಹತ್ತು ಗಂಟೆಗೆ ತೀರಿಕೊಂಡವನ ಸುದ್ದಿ ಭಟ್ಕಳಕ್ಕೆ ಒಂಬತ್ತೂ ಮುಕ್ಕಾಲಿಗೆ ಬರುತ್ತದೆ. ಕೇಳಿದ ಮಗ ಓಡಿದರೆ ತಂದೆ ಬದುಕಿರುವಾಗ ತಲುಪುತ್ತಾನೆಯೇ, ಅಥವಾ ಗಡಿಯಲ್ಲಿ ಅರ್ಧ ಗಂಟೆ ಕೊಟ್ಟು ಬರಿಗೈಯಲ್ಲಿ ನಿಲ್ಲುತ್ತಾನೆಯೇ? ಉತ್ತರಕ್ಕೆ ಬಂದು ಮತ್ತೆ ತಿರುಗಿ ಹೋಗದವರು ಆ ಸಾಲವನ್ನು ಯಾರಿಗೆ ತೀರಿಸುತ್ತಾರೆ?

ಬರೆಯಿರಿ ಯಾರಾದರೂ. ದಾರಿಯಲ್ಲಿ ಮಳೆ ಬರಲಿ, ಹೊಳೆಗೆ ಉಬ್ಬರ ಎಷ್ಟು ಹೊತ್ತಿಗೆಂದು ನೋಡಿಕೊಳ್ಳಿ, ಟಪಾಲಿನವನ ಕಾಲಿಗೆ ಚಪ್ಪಲಿ ಇತ್ತೋ ಇಲ್ಲವೋ ಯೋಚಿಸಿ. ಇಸವಿಯನ್ನು ಮಾತ್ರ 1905ರೊಳಗೇ ಇಡಿ. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಸಮಯವೆಂದು ಸರ್ಕಾರ ಗೊತ್ತುಮಾಡಿತು. ಶಿರೂರಿನ ಗಡಿಯಲ್ಲಿ ಆಮೇಲೆ ಆ ಅರ್ಧ ಗಂಟೆ ಸಿಗುವುದಿಲ್ಲ.